ಮಲಮಲ್ ಬಟ್ಟೆಯ ಕೆಳಗಿನ ಸಮುದ್ರ

ಬೈಲಹೊಂಗಲದ ಪೇಟೆಯಲ್ಲಿ ನಮ್ಮದೊಂದು ಅರಿವೆ ಅಂಗಡಿ ಇದೆ. ಸೀರೆ, ರವಿಕೆಯ ಖಣ, ಧೋತರ, ತೆಳು ಮಲಮಲ್, ಶಾಲೆ ಮಕ್ಕಳ ಸಮವಸ್ತ್ರದ ಬಟ್ಟೆ, ಎಲ್ಲ ಸಿಗುತ್ತದೆ. ಅಂಗಡಿ ಕಟ್ಟಿದವರು ನನ್ನ ಮಾವ. ಎಂಬತ್ತು ದಾಟಿದರೂ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಬಿಳಿ ಟೊಪ್ಪಿಗೆ ಇಟ್ಟುಕೊಂಡು ಗಾದಿಯ ಮೇಲೆ ಬಂದು ಕೂರುತ್ತಾರೆ. ನನ್ನ ಗಂಡ ಖರೀದಿಗೆಂದು ಊರೂರು ತಿರುಗುವ ಮನುಷ್ಯ. ಹೀಗಾಗಿ ಗಿರಾಕಿಗಳ ಮುಂದೆ ಬಟ್ಟೆ ಬಿಚ್ಚಿ ಹಾಸುವವಳು ನಾನು. ಸೊಸೆಯನ್ನು ಅಂಗಡಿಯಲ್ಲಿ ಕೂರಿಸಿದ್ದಕ್ಕೆ ಮೊದಲ ವರ್ಷ ಪೇಟೆಯಲ್ಲಿ ಮೂಗು ಮುರಿದವರು ಬಹಳ ಜನ. ಅವರ ಮನೆಯ ಹೆಂಗಸರೇ ಈಗ ಸೀರೆಗೆ ನನ್ನ ಹತ್ತಿರ ಬರುತ್ತಾರೆ ಅಂತ ಹೇಳಲು ನನಗೆ ಸಂಕೋಚವೇನಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಗಿರಾಕಿ ಸೀರೆ ಒಪ್ಪಿಕೊಂಡರೂ ಅದನ್ನು ಮಡಿಚಿ ಚೀಲಕ್ಕೆ ಹಾಕುವುದಿಲ್ಲ. ಮೊದಲು ಹೊಸ್ತಿಲು ದಾಟಿ ಬಿಸಿಲಿಗೆ ಒಯ್ದು ನೋಡಬೇಕು. ಮುರಗೋಡದಿಂದಲೋ ಚಚಡಿಯಿಂದಲೋ ಮದುವೆ ಜವಳಿಗೆ ಬಂದ ಹೆಂಗಸರು ಮೆಟ್ಟಿಲ ಮೇಲೆ ಸಾಲಾಗಿ ನಿಂತು, ಸೆರಗು ಹರವಿ, ಅತ್ತ ಹೊರಳಿಸಿ ಇತ್ತ ಹೊರಳಿಸಿ ನೋಡುತ್ತಾರೆ. ರಸ್ತೆಯಲ್ಲಿ ಹೋಗುವವರೂ ನಿಂತು ತಮ್ಮ ಅಭಿಪ್ರಾಯ ಕೊಟ್ಟೇ ಮುಂದೆ ಹೋಗುತ್ತಾರೆ, ಮದುಮಗಳು ಅವರ ಮನೆಯವಳೇ ಎಂಬಂತೆ. ಮಾವ ಗಾದಿಯಿಂದಲೇ ಕೂಗುತ್ತಾರೆ: "ಸರಿಯಾಗಿ ನೋಡ್ರಿ ಅಕ್ಕಾರ, ಒಳಗಿನ ದೀಪ ಹೇಳಿದ್ದೆಲ್ಲಾ ಖರೆ ಅಲ್ಲ." ಶ್ರಾವಣದಲ್ಲಿ ಮೋಡ ಮುಚ್ಚಿದ ದಿನ, "ಇವತ್ತು ಮರೂನ್ ತಗೋಬ್ಯಾಡ್ರಿ, ಬಿಸಲು ಬಿದ್ದ ದಿನ ಬರ್ರಿ" ಅಂತ ಕೈಗೆ ಬಂದ ಗಿರಾಕಿಯನ್ನು ವಾಪಸು ಕಳಿಸಿದ್ದೂ ಉಂಟು. ನನ್ನ ಗಂಡ ತಲೆ ಚಚ್ಚಿಕೊಳ್ಳುತ್ತಾನೆ. ನನಗೆ ಮಾತ್ರ ಮಾವನ ಈ ಹಟ ಮೊದಲಿನಿಂದಲೂ ಹಿಡಿಸಿದೆ.

ಪೇಟೆಯಲ್ಲಿ ಯಾರು ಯಾವ ದೀಪ ಹಾಕುತ್ತಾರೆ ಅನ್ನುವುದು ಮಾವನಿಗೆ ಬಾಯಿಪಾಠ. ಹಳದಿ ಬಲ್ಬು ಹಾಕಿದರೆ ತಾಮ್ರದ ಜರಿಯೂ ಬಂಗಾರವಾಗುತ್ತದೆ. ನೀಲಿ ಛಾಯೆಯ ದೀಪದ ಕೆಳಗೆ ಹಳದಿ ಬಡಿದ ಧೋತರವೂ ಹಾಲಿನಂತೆ ಕಾಣುತ್ತದೆ. ಅಂಥ ಅಂಗಡಿಯ ಮುಂದೆ ಹೋಗುವಾಗ ಅವರು ಮುಖ ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತಾರೆ. ನೀಲಿ ದೀಪ ಅಂದರೆ ಅವರ ಲೆಕ್ಕದಲ್ಲಿ ಕಳ್ಳನ ಕೈಯ ಕಂದೀಲು.

ನಾನು ರಾಮದುರ್ಗದ ಹುಡುಗಿ. ತವರಿನಲ್ಲಿ ಮಗ್ಗ ಇತ್ತು. ಬಣ್ಣ ಹಾಕಿದ ನೂಲಿನ ಲಡಿಗಳು ಹಿತ್ತಿಲಲ್ಲಿ ಒಣಗುವುದನ್ನು ನೋಡುತ್ತಲೇ ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ ಮಾವ ಎರಡು ಕರಿ ಬಟ್ಟೆ ನನ್ನ ಮುಂದೆ ಚೆಲ್ಲಿ, "ಇದರಾಗ ಕರೀದು ಯಾವುದು ತಂಗಿ?" ಅಂತ ಕೇಳಿದ್ದರು. ನಮ್ಮ ಕಡೆ ಹಿರಿಯರು ಸೊಸೆಯನ್ನು ತಂಗಿ ಅಂತಲೇ ಕರೆಯುತ್ತಾರೆ. ನಾನು ಎರಡನ್ನೂ ಎತ್ತಿಕೊಂಡು ಬಾಗಿಲಿಗೆ ಹೋದೆ, ಬಿಸಿಲಿಗೆ ಹಿಡಿದೆ, ಒಂದನ್ನು ಮಾವನ ಮುಂದೆ ಇಟ್ಟು ಇನ್ನೊಂದನ್ನು ನೀಲಿ ಬಟ್ಟೆಗಳ ಕಪಾಟಿನಲ್ಲಿ ಇಟ್ಟುಬಂದೆ. "ಕಣ್ಣು ಐತಿ ನಿನಗ" ಅಂದರು. ಮರುದಿನದಿಂದ ಅಂಗಡಿಯಲ್ಲಿ ಕೂತೆ. ಮದುವೆಯಲ್ಲಿ ಹಾಕಿದ ಬಂಗಾರಕ್ಕಿಂತ ಆ ಮಾತು ನನಗೆ ದೊಡ್ಡದಾಗಿತ್ತು.

ಹೀಗೆ ಬೆಳಕು ನೋಡಿ ಬದುಕುವ ಮನೆಗೆ ಸಮುದ್ರ ತಂದವಳೂ ನಾನೇ.

ಬೆಳಗಾವಿಯಲ್ಲಿ ನನ್ನ ಕಾಲೇಜಿನ ಗೆಳತಿ ಇದ್ದಾಳೆ. ಅವಳ ಮನೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು, ಕಲ್ಲು, ಆ ಕಲ್ಲಿನ ಮೇಲೆ ಜೀವಂತ ಹವಳ. ಹವಳ ಅಂದರೆ ತಾಳಿಯ ಕೆಂಪು ಮಣಿ ಅಷ್ಟೇ ಅಂದುಕೊಂಡವಳು ನಾನು. ಅವಳಲ್ಲಿದ್ದದ್ದು ಮೆತ್ತನೆಯ ಜಾತಿ. ಅಂಗಿಯ ಗುಂಡಿಯಷ್ಟು ಅಗಲದ ಹಸಿರು ಬಿಲ್ಲೆಗಳು, ನಡುವೆ ಕಿತ್ತಳೆ ಬಣ್ಣದ ಬಾಯಿ, ಸುತ್ತ ಸಣ್ಣ ಕುಚ್ಚು. ಬೆಳಕೇ ಅವಕ್ಕೆ ಊಟ, ಬೆಳಕಾದರೆ ಅರಳುತ್ತವೆ, ನೀರೊಳಗೆ ಕೈ ಹಾಕಿದರೆ ಪಟಪಟನೆ ಮುಚ್ಚಿಕೊಳ್ಳುತ್ತವೆ. ಅವಕ್ಕೆ ಗುಂಡಿ ಹವಳ ಅಂತ ನಾನೇ ಹೆಸರಿಟ್ಟೆ. ಅವಳ ಮನೆಗೆ ಮಧ್ಯಾಹ್ನದ ಊಟಕ್ಕೆಂದು ಹೋದವಳು ಸಂಜೆಯ ಬಸ್ಸಿನವರೆಗೂ ಆ ಗಾಜಿನ ಮುಂದಿನಿಂದ ಏಳಲಿಲ್ಲ. ಬರುವಾಗ ಮನಸ್ಸು ಗಟ್ಟಿಯಾಗಿತ್ತು. ನನಗೂ ಇದು ಬೇಕು.

ನಮ್ಮ ಊರಿನವರಿಗೆ ದೊಡ್ಡ ನೀರು ಅಂದರೆ ಸವದತ್ತಿಯ ಆಣೆಕಟ್ಟಿನ ಹಿನ್ನೀರು. ಬೈಲಹೊಂಗಲದ ಪಡಸಾಲೆಯಲ್ಲಿ ಸಮುದ್ರ ಇಡುತ್ತೇನೆ ಅಂದಾಗ ಮನೆಯವರು ನಕ್ಕರು. ನಗಲಿ ಅಂತ ಬಿಟ್ಟೆ. ಟ್ರಂಕಿನಷ್ಟು ದೊಡ್ಡ ಗಾಜಿನ ತೊಟ್ಟಿ ತರಿಸಿದೆ. ಶುದ್ಧ ಮಾಡಿದ ನೀರಿಗೆ ಸಮುದ್ರದ ಉಪ್ಪಿನ ಪುಡಿ ಹದವಾಗಿ ಬೆರೆಸಿ, ಉಸುಕು ಹಾಸಿ, ಕಲ್ಲು ಜೋಡಿಸಿ, ನೀರು ಮಾಗಿ ಹವಳ ಬದುಕುವ ಹದಕ್ಕೆ ಬರುವವರೆಗೆ ತಿಂಗಳುಗಟ್ಟಲೆ ಕಾದೆ. ಆಗ ತೊಟ್ಟಿಯಲ್ಲಿ ಕಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಮನೆಗೆ ಬಂದವರೆಲ್ಲ "ಮೀನ ಎಲ್ಲಿ?" ಅನ್ನುವವರೇ. "ನಮ್ಮಾಕಿ ಕಲ್ಲು ಸಾಕ್ಯಾಳ್ರಿ, ದಿನಾ ನೀರು ಕುಡಸ್ತಾಳ" ಅಂತ ನನ್ನ ಗಂಡ ನೆಂಟರಿಗೆಲ್ಲ ಹೇಳಿ ಸಾಕಷ್ಟು ಮಜಾ ತೆಗೆದುಕೊಂಡ. ನಾನು ಚಹಾ ಕೊಡುವಾಗ ಅವನ ಲೋಟಕ್ಕೆ ಸಕ್ಕರೆ ಹಾಕುವುದನ್ನು ಮರೆತೆ.

ನೀರು ಮಾಗಿದ ಮೇಲೆ ಗೆಳತಿ ತನ್ನ ತೊಟ್ಟಿಯಿಂದ ಗುಂಡಿ ಹವಳ ಅಂಟಿದ ಒಂದು ಕಲ್ಲು ಕೊಟ್ಟಳು. ಅಂಗೈಯಷ್ಟು ಕಲ್ಲು, ಅದರ ಮೇಲೆ ಒಂದು ಹಿಡಿ ಗುಂಡಿಗಳು. ಕೊಡುವಾಗ ಒಂದೇ ಮಾತು ಹೇಳಿದಳು: "ನೀಲಿ ಜಾಸ್ತಿ ಇರೂ ದೀಪ ತಗೋ. ಬಿಳಿದು ಒಂಚೂರು ಸಾಕು."

ದೀಪದ ವಿಷಯದಲ್ಲಿ ನನಗೆ ಬುದ್ಧಿ ಹೇಳುವುದೆ? ಅವಳ ಮನೆಯ ದೀಪದ ಕೆಳಗೆ ನಾನು ಉಟ್ಟಿದ್ದ ಕೆಂಪು ಸೀರೆ ಇದ್ದಲಿನಂತೆ ಕಂಡದ್ದನ್ನು ನಾನು ಮರೆತಿರಲಿಲ್ಲ. "ಕೆಂಪು ಪತ್ತಲಾನ ಕರೀದು ಮಾಡೂ ದೀಪಕ್ಕ ಬೆಳಕು ಅಂತ ಕರೀತಿಯೇನ?" ಅಂತ ಅವಳಿಗೇ ತಿರುಗಿಸಿ ಕೇಳಿದೆ. ಅವಳು ನಕ್ಕಳು. ಮಾವನಿಗೆ ಹೇಳಿದಾಗ ಅವರ ಮುಖವೇ ಗಂಟಾಯಿತು. "ನೀಲಿ ದೀಪ ನಮ್ಮ ಮನ್ಯಾಗ ಬ್ಯಾಡ ತಂಗಿ. ಅಂಗಡ್ಯಾಗ ಹಾಕದ್ದನ್ನ ಮನ್ಯಾಗ ಯಾಕ ಹಾಕೂಣು?" ಅಂದರು. ನನಗೂ ಅದೇ ಬೇಕಾಗಿತ್ತು.

ಬೆಳಗಾವಿಯಲ್ಲಿ ತೊಟ್ಟಿಯ ಸಾಮಾನು ಮಾರುವ ಅಂಗಡಿಯಲ್ಲಿ ನಾನು ದೀಪ ಆಯ್ದ ಬಗೆ ನೋಡಿದ್ದರೆ ನಿಮಗೂ ನಗು ಬರುತ್ತಿತ್ತು. ಚೀಲದಲ್ಲಿ ಖಣದ ತುಂಡುಗಳನ್ನು ಹಾಕಿಕೊಂಡು ಹೋಗಿದ್ದೆ. ಒಂದೊಂದು ದೀಪ ಹಚ್ಚಿಸಿ ಅದರ ಕೆಳಗೆ ಖಣ ಹಿಡಿಯುವುದು, ಆಮೇಲೆ ಅದೇ ಖಣ ಹೊರಗೊಯ್ದು ಬಿಸಿಲಲ್ಲಿ ನೋಡುವುದು. ಅಂಗಡಿಯವನು ಹವಳ ಸಾಕುವ ದೀಪ ತೋರಿಸಬೇಕೋ ಕುಬಸ ಹೊಲಿಯುವ ದೀಪ ತೋರಿಸಬೇಕೋ ತಿಳಿಯದೆ ಕಕ್ಕಾಬಿಕ್ಕಿಯಾದ. ಕೊನೆಗೆ ಖಣದ ಅಂಚಿನ ಬಣ್ಣವನ್ನೂ ಬಿಸಿಲಿನಂತೆಯೇ ತೋರಿಸಿದ ದೀಪ ಸಿಕ್ಕಿತು. ಇದ್ದುದರಲ್ಲೇ ಪ್ರಖರವಾದದ್ದು, ಹಾಲಿನಂಥ ಬಿಳುಪು. ತಂದು ತೊಟ್ಟಿಯ ಮೇಲೆ ತೂಗುಹಾಕಿ ಹಚ್ಚಿದಾಗ ಪಡಸಾಲೆಯಲ್ಲಿ ನಡು ಮಧ್ಯಾಹ್ನ ಇಳಿದಂತಾಯಿತು. ಮಾವ ಕೋಲು ಊರಿಕೊಂಡು ಬಂದು ನೋಡಿ, "ಹಾಂ! ಇದಕ್ಕ ಬೆಳಕು ಅಂತಾರ" ಅಂದರು. ನಾನು ಅಂದು ಹೋಳಿಗೆ ಮಾಡಿದೆ.

ಹೋಳಿಗೆಯ ಸಿಹಿ ಬಹಳ ದಿನ ಉಳಿಯಲಿಲ್ಲ. ಮೊದಲು ಉಸುಕಿನ ಮೇಲೆ ಕಂದು ಬಣ್ಣದ ದೂಳಿನಂಥದ್ದು ಕೂತಿತು. ಆಮೇಲೆ ಕಲ್ಲಿನ ಮೇಲೆ ಹಸಿರು ಪಾಚಿ, ಕೂದಲಿನಂತೆ ಉದ್ದುದ್ದ. ಗುಂಡಿಗಳು ಮೊದಲು ಅರ್ಧ ಅರಳಿದವು, ಆಮೇಲೆ ಅದೂ ಇಲ್ಲ. ಮುಷ್ಟಿ ಕಟ್ಟಿದ ಹಾಗೆ ಮುಚ್ಚಿಕೊಂಡು ಕೂತವು. ಬೆಳಕು ಕಡಿಮೆಯಾಯಿತೇನೋ ಅಂತ ನಾನು ದೀಪವನ್ನು ಇನ್ನಷ್ಟು ಕೆಳಗೆ ಇಳಿಸಿದೆ. ಕೆಲವು ಗುಂಡಿಗಳು ಬಿಳಿಚಿ, ಕರಗಿ, ನೀರಿನಲ್ಲಿ ಎಳೆಎಳೆಯಾಗಿ ಹೋದವು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಆ ವಾರದಲ್ಲೇ ಗೆಳತಿಯ ಫೋನು ಬಂತು. ಅವಳ ತೊಟ್ಟಿಯ ಹೀಟರು ಕೆಟ್ಟು, ಆರದೆ ಹಾಗೇ ಉರಿದು, ಅವಳು ಊರಿಗೆ ಹೋಗಿ ಬರುವುದರೊಳಗೆ ನೀರು ಕಾದು ಎಲ್ಲ ಸತ್ತುಹೋಗಿದ್ದವು. ವರ್ಷಗಟ್ಟಲೆ ಬೆಳೆಸಿದ್ದ ಹವಳ, ಒಂದೂ ಉಳಿದಿರಲಿಲ್ಲ. ಅತ್ತುಕೊಂಡು ಹೇಳಿದಳು: "ನಿನ್ನ ಹಂತೇಕ ಇದ್ದದ್ದಷ್ಟ ಉಳದೈತಿ ನೋಡು. ಅದನ್ನರ ಉಳಸು." ನನ್ನಲ್ಲಿರುವುದೂ ಸಾಯುತ್ತಿದೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಹೂಂ ಅಂದು ಫೋನು ಇಟ್ಟೆ.

ಅಂದು ಸಂಜೆ ಅಂಗಡಿಯಿಂದ ಬಂದ ಮಾವ ತೊಟ್ಟಿಯ ಮುಂದೆ ನಿಂತರು. "ಮನ್ಯಾಗ ಜೀವ ಸಾಯೂದು ಛಲೋ ಅಲ್ಲ ತಂಗಿ. ಇವು ಉಳೀಲಿಲ್ಲಂದ್ರ ಈ ನೀರ ಹೊರಗ ಚೆಲ್ಲಿಬಿಡು, ಮತ್ತ ತರೂದ ಬ್ಯಾಡ" ಅಂದರು. ಸಿಟ್ಟಿನಿಂದ ಅಂದದ್ದಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. ಪಾಚಿಯ ನಡುವೆ ಬೆರಳೆಣಿಕೆಯಷ್ಟು ಗುಂಡಿಗಳು ಉಳಿದಿದ್ದವು. ಕಣ್ಣಿದೆ ಅನ್ನಿಸಿಕೊಂಡವಳ ಕಣ್ಣೆದುರೇ ಅವು ಸಾಯುವಂತಿರಲಿಲ್ಲ.

ಮರುದಿನ ಅಂಗಡಿಗೆ ಹೋಗದೆ ಮನೆಯಲ್ಲಿ ಉಳಿದೆ. ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು, ಕೈಗವಸು ಹಾಕಿಕೊಂಡು, ಕಲ್ಲಿನ ಪಾಚಿಯನ್ನು ಮೆಲ್ಲಗೆ ತಿಕ್ಕತೊಡಗಿದೆ. ತಿಕ್ಕುತ್ತ ತಿಕ್ಕುತ್ತ, ಯಾಕೋ ಗೊತ್ತಿಲ್ಲ, ತೊರಗಲ್ಲಿನ ಬಾವಿ ನೆನಪಿಗೆ ಬಂತು. ಅದು ನನ್ನ ತಾಯಿಯ ತವರು. ಬೇಸಿಗೆ ಸೂಟಿಯಲ್ಲಿ ನಾವು ಹುಡುಗಿಯರೆಲ್ಲ ಅಜ್ಜನ ಹೊಲದ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರು. ಚೆನ್ನಾಗಿ ಈಜು ಬಂದ ಮೇಲೆ ಮುಳುಗಿ ಒಳಗಿನ ಮೆಟ್ಟಿಲು ಮುಟ್ಟಿ ಬರುವ ಆಟ. ನನ್ನ ದೊಡ್ಡಮ್ಮನ ಮಗಳು ನನ್ನ ಮುಂದೆ ಮುಳುಗುತ್ತಿದ್ದಳು. ಅವಳ ಜಡೆಗೆ ಕೆಂಪು ರಿಬ್ಬನ್ನು. ನೀರಿನ ಮೇಲೆ ಉರಿಯುವ ಕೆಂಪು. ಕೆಳಗೆ ಹೋದಂತೆ ಅದು ಕಂದಾಗಿ, ಇನ್ನೂ ಕೆಳಗೆ ಕರ‍್ರಗಾಗಿ ಕಾಣುತ್ತಿತ್ತು. ಮೇಲೆ ಬಂದರೆ ಮತ್ತೆ ಕೆಂಪು. ರಿಬ್ಬನ್ನು ತೊಯ್ದರೆ ಹಾಗಾಗುತ್ತದೆ ಅಂತ ಆಗ ಅಂದುಕೊಂಡಿದ್ದೆ. ಮೇಲೆ ಬಂದಾಗಲೂ ಅದು ತೊಯ್ದೇ ಇತ್ತಲ್ಲ ಅನ್ನುವುದು ಇಷ್ಟು ವರ್ಷ ತಲೆಗೆ ಹೊಳೆದಿರಲಿಲ್ಲ.

ಬ್ರಶ್ಶು ಕೈಯಲ್ಲೇ ನಿಂತಿತು. ನೀರು ಮೊದಲು ಕೆಂಪನ್ನು ನುಂಗುತ್ತದೆ. ಬಾವಿಯೇ ಅಷ್ಟು ನುಂಗಿದರೆ ಸಮುದ್ರ ಎಷ್ಟು ನುಂಗಬೇಕು? ಈ ಗುಂಡಿಗಳ ವಂಶ ಹುಟ್ಟಿದ್ದು ಆ ತಳದಲ್ಲಿ. ಅವುಗಳ ಊರಿನ ಹಗಲೇ ನೀಲಿ. ನಾನು ಅವಕ್ಕೆ ತಂದು ಹಚ್ಚಿದ್ದು ಬೈಲಹೊಂಗಲದ ಪೇಟೆಯ ಹಗಲು. ಆ ಬೆಳಕಿನಲ್ಲಿ ನನ್ನ ಖಣ ಚೆನ್ನಾಗಿ ಕಂಡಿತು, ಪಾಚಿ ಚೆನ್ನಾಗಿ ಬೆಳೆಯಿತು, ಹವಳ ಮಾತ್ರ ಕಣ್ಣು ಮುಚ್ಚಿಕೊಂಡಿತು. ನಾನು ನನ್ನ ಕಣ್ಣಿಗೆ ದೀಪ ಆಯ್ದಿದ್ದೆ, ಅವುಗಳ ಹೊಟ್ಟೆಗಲ್ಲ. ಗೆಳತಿ ಹೇಳಿದ್ದು ಇದನ್ನೇ ಇರಬೇಕು, ಆದರೆ ಇನ್ನೊಬ್ಬರು ಹೇಳಿದ್ದು ನನ್ನ ತಲೆಗೆ ಹೋಗುವುದೇ ಇಲ್ಲ. ನಾನೇ ಮುಳುಗಿ ನೋಡಿದ್ದಾದರೆ ಹೋಗುತ್ತದೆ.

ಮಾವ ಮಧ್ಯಾಹ್ನದ ಊಟಕ್ಕೆ ಬಂದಾಗ ರೊಟ್ಟಿ ಬಡಿಸುತ್ತಲೇ ಹೇಳಿದೆ. "ಮಾವಾರ, ಆ ದೀಪ ತಗೀತೇನಿ. ನೀಲಿದು ತರಸ್ತೇನಿ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಏನಂದಿ?"

"ನೀಲಿದು. ಇವಕ್ಕ ಅದ ಬೇಕು."

"ಊರ ಮಂದಿ ಕಿಡಕ್ಯಾಗಿಂದ ನೋಡಿ ಏನಂತಾರ? ಬಿಸಲಾಗ ನೋಡ್ರಿ ಅಂತ ಪ್ಯಾಟ್ಯಾಗ ಹೇಳಾಂವ ಮನ್ಯಾಗ ನೀಲಿ ದೀಪ ಹಚ್ಚ್ಯಾನ ಅಂತಾರ."

ನನಗೆ ಸಿಟ್ಟು ಬಂದರೆ ದನಿ ಏರುತ್ತದೆ. ಅವರ ಎದುರು ಎಂದೂ ಏರಿರಲಿಲ್ಲ, ಅಂದು ಏರಿತು. "ಪತ್ತಲ ಬಿಸಲಾಗ ಯಾಕ ನೋಡತೀವ್ರಿ? ಉಟಗೊಂಡಾಕಿ ಬಿಸಲಾಗ ಅಡ್ಡಾಡತಾಳ, ಅದಕ್ಕ. ಇವು ನಮ್ಮ ಓಣ್ಯಾಗ ಅಡ್ಡಾಡತಾವೇನ್ರಿ? ಇವು ನೀರಿನ ತಳದಾಗ ಇರೂವು. ಅಲ್ಲಿ ಬೆಳಕ ನೀಲಿ. ಅವಕ್ಕ ನಮ್ಮ ಬೆಳಕ ಮೋಸದ್ದು!"

"ಸಮುದ್ರದ ತಳಾ ನೀ ಯಾವಾಗ ನೋಡಿದಿ?"

"ಸಮುದ್ರದ್ದ ನೋಡಿಲ್ಲ. ತೊರಗಲ್ಲ ಬಾವೀದು ನೋಡೇನಿ."

ಮಾವ ನನ್ನನ್ನೇ ನೋಡಿದರು. ಹೊಟ್ಟೆ ಕುಲುಕಿಸಿಕೊಂಡು ನಗಲು ಶುರುಮಾಡಿದರು. ನಗುತ್ತ ನಗುತ್ತ ಕೆಮ್ಮಿದರು, ನೀರು ಕುಡಿದರು. "ತರಸು. ಆದ್ರ ಕಿಡಕಿಗೆ ಪಡದೆ ಹಾಕು" ಅಂದರು.

"ಪಡದೆ ಹಾಕಂಗಿಲ್ರಿ. ಮುಚ್ಚಿಡೂ ಕೆಲಸ ನಾ ಏನೂ ಮಾಡಾಕತ್ತಿಲ್ಲ."

ಅವರು ಊಟ ಮುಗಿಸಿದರು. ಎದ್ದು ಕೈ ತೊಳೆಯುವಾಗ, "ಹಟಮಾರಿ ಅದಿ" ಅಂದರು. ಅದು ಒಪ್ಪಿಗೆ ಅಂತಲೇ ನಾನು ತಿಳಿದೆ.

ದೀಪ ಬಂದದ್ದು ಹುಬ್ಬಳ್ಳಿ ಬಸ್ಸಿನಲ್ಲಿ. ಬೆಳಗಾವಿಯ ಅಂಗಡಿಯವನು ಡ್ರೈವರನ ಕೈಗೆ ಕೊಟ್ಟು ಕಳಿಸಿದ್ದ. ನನ್ನ ಗಂಡ ಕಿತ್ತೂರಿನಲ್ಲಿ ಕಾದು ನಿಂತು ಇಳಿಸಿಕೊಂಡು ಬಂದ. ಈ ದೀಪಕ್ಕೆ ಎರಡು ಸ್ವಿಚ್ಚು. ಒಂದು ನೀಲಿಗೆ, ಒಂದು ಬಿಳಿಗೆ. ನೀಲಿಯನ್ನು ಪೂರ್ತಿ ಹೊತ್ತು, ಬಿಳಿಯನ್ನು ಮಧ್ಯಾಹ್ನದಲ್ಲಿ ಸ್ವಲ್ಪ ಹೊತ್ತು ಹಚ್ಚುವುದು ಅಂತ ಗೊತ್ತುಮಾಡಿಕೊಂಡೆ. ಆದರೆ ಹೆಚ್ಚು ಕಡಿಮೆ ಮಾಡುವ ಸೌಲಭ್ಯ ಅದಕ್ಕಿರಲಿಲ್ಲ. ಹಚ್ಚಿದರೆ ಒಮ್ಮೆಲೇ ಪೂರ್ತಿ ಬೆಳಕು. ಜ್ವರದಿಂದ ಎದ್ದವರನ್ನು ಬಿಸಿಲಿಗೆ ನಿಲ್ಲಿಸಿದ ಹಾಗೆ ಆಗುತ್ತದಲ್ಲ ಅಂತ ಯೋಚನೆಗೆ ಬಿದ್ದೆ.

ಅರಿವೆ ಅಂಗಡಿಯವಳು ಬೆಳಕನ್ನು ಯಾವುದರಿಂದ ಸೋಸಬೇಕು? ಅರಿವೆಯಿಂದಲೇ. ಅಂಗಡಿಗೆ ಹೋಗಿ ಬಿಳಿ ವಾಯಿಲ್ ಬಟ್ಟೆಯನ್ನು ಕತ್ತರಿಸಲು ಹಿಡಿದೆ. ಮಾವ ಗಾದಿಯಿಂದ ಕುತ್ತಿಗೆ ಉದ್ದ ಮಾಡಿ, "ಅದನ್ನ ಯಾಕ ಕತ್ತರಸ್ತಿ?" ಅಂದರು. ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ ಮಡಿಕೆ ಮಡಿಕೆಯಾಗಿ ಹಾಸುತ್ತೇನೆ, ಹವಳಕ್ಕೆ ರೂಢಿಯಾದಂತೆ ಒಂದೊಂದೇ ಮಡಿಕೆ ತೆಗೆಯುತ್ತೇನೆ ಅಂದೆ. ಅವರು ಎದ್ದು ಬಂದು ವಾಯಿಲನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಇದು ಬ್ಯಾಡ. ಇದರ ನೂಲಿಗೆ ಹುರಿ ಜಾಸ್ತಿ, ಬೆಳಕು ಚುಕ್ಕಿ ಚುಕ್ಕಿ ಬೀಳತೈತಿ. ಮಲಮಲ್ ತಗೋ. ಬಾಣಂತ್ಯಾರಿಗೆ ಕೊಡೂದು, ಆ ಹಳೇ ಮಲಮಲ್. ಅದು ಬೆಳಕ ಎಲ್ಲಾ ಕಡೆ ಸರೀಗಿ ಬಿಡತೈತಿ."

ತಾವೇ ಕಪಾಟಿನ ತಳದಿಂದ ಮಲಮಲ್ ತೆಗೆದರು. ಬಾಗಿಲಿಗೆ ಒಯ್ದು ಒಂದು ಪದರು ಹಿಡಿದು ನೋಡಿದರು, ಎರಡು ಪದರು ಹಿಡಿದು ನೋಡಿದರು, ಕೆಳಗೆ ಅಂಗೈ ಚಾಚಿ ನೆರಳು ಎಷ್ಟು ಬಿತ್ತು ಅಂತ ನೋಡಿದರು. ಒಗೆದು ಗಂಜಿ ತೆಗೆದು ಹಾಸು ಅಂದರು. ಅಂಗಡಿಯಲ್ಲಿದ್ದ ಗಿರಾಕಿ, "ಯಾರಿಗ್ರಿ ಸಾವಕಾರ್ರ, ಮೊಮ್ಮಗಗ ಏನು?" ಅಂತ ಕೇಳಿದರೆ, ಒಂದು ಗಳಿಗೆ ತಡವರಿಸಿ, "ಹೂಂ, ಹಂಗ ತಿಳೀರಿ" ಅಂದರು.

ಅಂದಿನಿಂದ ನಮ್ಮ ಮನೆಯ ಸಮುದ್ರ ಮಲಮಲ್ ಹೊದ್ದುಕೊಂಡಿತು. ಮಡಿಕೆಗಳ ಕೆಳಗೆ ನೀಲಿ ಬೆಳಕು ಮುಂಜಾವಿನಂತೆ ಮಂದವಾಗಿ ಇಳಿಯುತ್ತಿತ್ತು. ನಾನು ವಾರ ವಾರ ಸ್ವಲ್ಪ ನೀರು ಬದಲಿಸಿದೆ, ಪಾಚಿ ತಿಕ್ಕಿದೆ, ಪಾಚಿ ತಿನ್ನುವ ಬಸವನಹುಳು ತರಿಸಿ ಬಿಟ್ಟೆ. ಮಾವ ಅಂಗಡಿಗೆ ಹೋಗುವ ಮೊದಲು ತೊಟ್ಟಿಯ ಮುಂದೆ ನಿಲ್ಲುವುದು ರೂಢಿಯಾಯಿತು. ಮಡಿಕೆ ಯಾವಾಗ ತೆಗೆಯಬೇಕು ಅನ್ನುವುದಕ್ಕೆ ನಮ್ಮಿಬ್ಬರಲ್ಲಿ ದಿನಾ ತಕರಾರು. ನಾನು ಈಗ ತೆಗೆಯೋಣ ಅಂದರೆ ಅವರು ತಡಿ ಅನ್ನುವರು. ಅವರು ತೆಗಿ ಅಂದ ದಿನ ನಾನು ಬೇಕಂತಲೇ ತಡೆಯುತ್ತಿದ್ದೆ. ಪಡಸಾಲೆಯಲ್ಲಿ ಇಬ್ಬರೂ ಸೊಂಟದ ಮೇಲೆ ಕೈ ಇಟ್ಟು ವಾದ ಮಾಡುವುದನ್ನು ನನ್ನ ಗಂಡ ಫೋನಿನಲ್ಲಿ ವಿಡಿಯೋ ತೆಗೆದು ನೆಂಟರಿಗೆಲ್ಲ ಕಳಿಸಿದ. ಕಿಟಕಿಯಿಂದ ಓಣಿಗೆ ನೀಲಿ ಬೆಳಕು ಕಾಣುತ್ತಲೇ ಇತ್ತು. ಕೇಳಿದವರಿಗೆ ಮಾವ ಏನು ಹೇಳಿದರೋ ನಾನು ವಿಚಾರಿಸಲಿಲ್ಲ.

ಬಹಳ ದಿನ ಏನೂ ಆಗಲಿಲ್ಲ. ಮುಷ್ಟಿಗಳು ಮುಷ್ಟಿಗಳಾಗಿಯೇ ಇದ್ದವು. ನನ್ನ ಲೆಕ್ಕ ತಪ್ಪಿರಬಹುದು, ಬಾವಿಯ ನೆನಪು ನಂಬಿ ಗೆಳತಿಯ ಕೊನೆಯ ಹವಳವನ್ನೂ ಕೊಲ್ಲುತ್ತಿದ್ದೇನೆ ಅಂತ ಹೆದರಿಕೆಯಾಗುತ್ತಿತ್ತು. ಅವಳು ಫೋನು ಮಾಡಿದಾಗಲೆಲ್ಲ "ಅದಾವ, ಅದಾವ" ಅಂದು ಮಾತು ತೇಲಿಸುತ್ತಿದ್ದೆ. ಹೆದರಿಕೆಯನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ. ತೋರಿಸಿದ್ದರೆ ಅದು ನಾನಲ್ಲ.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದೆ. ಪಡಸಾಲೆಯಿಂದ ಮಾವ ಕೂಗಿದರು. "ತಂಗೀ! ಲಗೂನ ಬಾ!" ಬಿದ್ದರೇನೋ ಅಂತ ಸೌಟು ಹಿಡಿದೇ ಓಡಿದೆ. ಅವರು ಗಾಜಿಗೆ ಮೂಗು ತಾಗಿಸಿಕೊಂಡು ಬಗ್ಗಿ ನಿಂತಿದ್ದರು. ಕಲ್ಲಿನ ಅಂಚಿನಲ್ಲಿ ಒಂದು ಗುಂಡಿ ಅರಳಿತ್ತು. ಹಸಿರು ಬಿಲ್ಲೆ ಪೂರ್ತಿ ಬಿಚ್ಚಿ, ಕಿತ್ತಳೆ ಬಾಯಿ ಹೊಳೆಯುತ್ತ, ಸುತ್ತಲಿನ ಕುಚ್ಚು ನೀರಿನ ಎಳೆತಕ್ಕೆ ಆಡುತ್ತಿತ್ತು. ನಾವು ನೋಡುತ್ತ ನಿಂತಂತೆ ಪಕ್ಕದ್ದು ಸಣ್ಣಗೆ ಬಾಯಿ ತೆರೆಯಿತು. ಶೇಂಗಾ ಸೀದ ವಾಸನೆ ಮನೆಯೆಲ್ಲ ತುಂಬಿದ ಮೇಲೆ ನನಗೆ ಒಲೆಯ ನೆನಪಾಯಿತು. ಅಂದು ನನ್ನ ಗಂಡ ಕರಕಲು ಶೇಂಗಾದ ಚಟ್ನಿಯನ್ನು ತಕರಾರಿಲ್ಲದೆ ತಿಂದ.

ಆಮೇಲೆ ಹಿಂದೆ ನೋಡಲಿಲ್ಲ. ಕೊನೆಯ ಮಡಿಕೆ ಮಲಮಲ್ ತೆಗೆಯುವ ಹೊತ್ತಿಗೆ ಉಳಿದಿದ್ದವೆಲ್ಲ ಅರಳಿದ್ದವು. ಅವುಗಳ ಬುಡದಲ್ಲಿ ಸಾಸಿವೆಯಷ್ಟು ಸಣ್ಣ ಮೊಗ್ಗುಗಳು ಎದ್ದವು, ಹೊಸ ಗುಂಡಿಗಳಾದವು. ಒಂದು ಮಳೆಗಾಲ ಕಳೆದು ಚಳಿ ಬರುವುದರೊಳಗೆ ಕಲ್ಲೇ ಕಾಣದಂತೆ ಹಾಸಿಕೊಂಡವು. ಊರಿನವರು ನೋಡಲು ಬರತೊಡಗಿದರು. ಮೀನೆಲ್ಲಿ ಅಂತ ಈಗ ಯಾರೂ ಕೇಳುವುದಿಲ್ಲ. ಬೈಲಹೊಂಗಲದಲ್ಲಿ ಸಮುದ್ರ ಬೆಳೆಸಿದವಳು ಅಂತ ಕೈ ತೋರಿಸುತ್ತಾರೆ. ನಾನು ಬೇಡ ಅನ್ನುವುದಿಲ್ಲ. ಬೆಳೆಸಿದ್ದೇನೆ.

ಗೆಳತಿ ಹೊಸ ತೊಟ್ಟಿ ಕಟ್ಟಿಸಿ, ನೀರು ಮಾಗಿಸಿಕೊಂಡು, ಹೋದ ತಿಂಗಳು ಬಂದಳು. ಪಡಸಾಲೆಯಲ್ಲಿ ಕಾಲಿಟ್ಟವಳು ಚಪ್ಪಲಿ ಬಿಡುವುದನ್ನೂ ಮರೆತು ಗಾಜಿನ ಮುಂದೆ ಕೂತಳು. "ನನ್ನವ ಅಲ್ಲ ಇವು?" ಅಂದಳು, ಕಣ್ಣಲ್ಲಿ ನೀರು. "ನಿನ್ನವ" ಅಂದೆ. ಕೈಗವಸು ಹಾಕಿಕೊಂಡು ಕಲ್ಲಿನ ಒಂದು ಮಗ್ಗುಲನ್ನು ಗುಂಡಿಗಳ ಸಮೇತ ಒಡೆದು, ಅದೇ ನೀರು ತುಂಬಿದ ಡಬ್ಬಿಯಲ್ಲಿ ಇಟ್ಟುಕೊಟ್ಟೆ. ಬೆಳಗಾವಿಯಿಂದ ಬಂದದ್ದಕ್ಕಿಂತ ದೊಡ್ಡ ತುಂಡೇ ವಾಪಸು ಹೊರಟಿತು.

ಅಂದು ಸೋಮವಾರ, ಅಂಗಡಿಗೆ ರಜೆ. ಮಾವ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಗೆಳತಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವರ ಕಡೆ ತಿರುಗಿದಳು. "ಅಜ್ಜಾರ, ಬೆಳಕಿನ ಬಗ್ಗೆ ನಿಮ್ಮಷ್ಟ ತಿಳದವ್ರು ಯಾರೂ ಇಲ್ಲ ಅಂತ ಈಕಿ ಯಾವಾಗ್ಲೂ ಹೇಳತಾಳ. ನನ್ನ ಹೊಸಾ ಟ್ಯಾಂಕ್ ಮೊದಲಿಂದಕ್ಕಿಂತ ಆಳ ಐತ್ರಿ. ಅದಕ್ಕ ಯಾವ ದೀಪ ಹಾಕಲಿ?"

ಮಾವನಿಗೆ ಇಂಥ ಪ್ರಶ್ನೆ ಸಿಕ್ಕರೆ ಹಬ್ಬ. ಹಳದಿ ದೀಪದಿಂದ ಶುರುವಾಗಿ ಪೇಟೆಯ ಎಲ್ಲ ಅಂಗಡಿಗಳ ಮರ್ಯಾದೆ ತೆಗೆದೇ ಮುಗಿಯುವ ಮಾತು ಅದು. ಮಗನಿಗಾಗಲಿ, ಪೇಟೆಯ ಹಿರಿಯರಿಗಾಗಲಿ ಬೆಳಕಿನ ವಿಷಯದಲ್ಲಿ ಒಂದು ಮಾತು ಬಿಟ್ಟುಕೊಟ್ಟವರಲ್ಲ. ನಾನು ಚಹಾ ಇಡಲು ಏಳುವವಳಿದ್ದೆ.

ಅವರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ನನ್ನ ಕೇಳಬ್ಯಾಡವಾ. ಬಿಸಲಾಗ ನೋಡೂದಷ್ಟ ನನಗ ಗೊತ್ತು" ಅಂದರು. ನನ್ನ ಕಡೆ ಕೈ ಮಾಡಿದರು. "ಬೆಳಕಿನ ಮಾತ ನಮ್ಮ ಮನ್ಯಾಗ ಈಗ ಈಕೀದು. ಈಕಿನ್ನ ಕೇಳು."

ಗೆಳತಿ ನನ್ನ ಕಡೆ ನೋಡಿದಳು. ಹೇಳಬೇಕಾದದ್ದೆಲ್ಲ ನನಗೆ ಗೊತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡು ಅವಳ ಎದುರು ಕೂತೆ. ತೊಟ್ಟಿ ಎಷ್ಟು ಆಳ ಅಂತ ಮೊದಲು ಕೇಳಿದೆ. ಆಮೇಲೆ ಹೇಳತೊಡಗಿದೆ. ಮಾವ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ನಡುವೆ ಒಂದು ಮಾತೂ ಆಡದೆ, ಕೇಳುತ್ತ ಕೂತರು.